ಊರಿನ ಧಾಟಿ, ಕೇಳದೆ ಉಳಿದ ಪ್ರಶ್ನೆ

ಬೆಂಗಳೂರಿನ ಹಾಸ್ಟೆಲುಗಳಲ್ಲಿ ದಿನವೂ ನಡೆಯುವ ಸಂಗತಿ ಇದು. ರಾತ್ರಿ ಊಟ ಮುಗಿದಿರುತ್ತದೆ, ಊರಿನಿಂದ ಫೋನ್ ಬರುತ್ತದೆ. ರೂಮಿನಲ್ಲಿ ಇನ್ನಿಬ್ಬರು ಇದ್ದಾರೆ ಅಂತ ಹುಡುಗ ಎದ್ದು ಹೊರಗೆ ಹೋಗುತ್ತಾನೆ. ಮೆಟ್ಟಿಲ ತಿರುವಿನಲ್ಲಿ ನಿಂತು, ಬಾಯಿಗೆ ಕೈ ಮರೆ ಮಾಡಿ, "ಹೂಂ ಯವ್ವಾ, ಉಂಡೀನಿ. ನಿಂದಾತೇನು ಊಟ?" ಅನ್ನುತ್ತಾನೆ. ಪ್ರೀತಿ ಪ್ರೇಮದ ಮಾತಾಗಿದ್ದರೆ, ಸಾಲಸೋಲದ ಗುಟ್ಟಾಗಿದ್ದರೆ ಮರೆಗೆ ಹೋಗಲಿ, ಬೇಡ ಅನ್ನುವುದಿಲ್ಲ. ಹೆತ್ತವ್ವನ ಊಟ ಆಯಿತೇ ಎಂದು ಕೇಳುವುದಕ್ಕೆ ಯಾತರ ಮರೆ? ತಾನು ಮನೆಯಲ್ಲಿ ಹೇಗೆ ಮಾತಾಡುತ್ತೇನೆ ಅನ್ನುವುದು ರೂಮಿನವರಿಗೆ ಗೊತ್ತಾಗಬಾರದು, ಅಷ್ಟೇ.

ನಾನು ರಾಯಚೂರು ಸೀಮೆಯಲ್ಲಿ ಹುಟ್ಟಿ ಬೆಳೆದು, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಪಾಠ ಹೇಳಿ ನಿವೃತ್ತನಾದವನು. ಕ್ಲಾಸಿನಲ್ಲಿ, ಲ್ಯಾಬಿನಲ್ಲಿ, ಕ್ಯಾಂಪಸ್ ಸಂದರ್ಶನದ ದಿನ ಬಾಗಿಲಾಚೆಯ ಬೆಂಚಿನ ಮೇಲೆ ನಿಮ್ಮಂಥ ನೂರಾರು ಮಕ್ಕಳನ್ನು ಹತ್ತಿರದಿಂದ ಕಂಡಿದ್ದೇನೆ. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಕೇಳಿ. ಲಿಂಗಸುಗೂರು, ಯಾದಗಿರಿ, ಇಂಡಿ ಕಡೆಯ ಮಕ್ಕಳಿಗೆ ಮಾತ್ರ ಹೇಳುತ್ತಿರುವುದಲ್ಲ. ಮಳವಳ್ಳಿ, ಹನೂರು, ಪಾವಗಡ, ಕುಂದಾಪುರದಿಂದ ಬಂದವರಿಗೂ ಇದು ಸಲ್ಲುತ್ತದೆ. ಇವರ ಮಾತು ಕೇಳಿ ನಗುವ ನಗರದ ಮಕ್ಕಳಿಗೂ ಒಂದಿಷ್ಟು ಇದೆ, ಕಡೆಯಲ್ಲಿ ಹೇಳುತ್ತೇನೆ.

ಮೊದಲನೇ ಸೆಮಿಸ್ಟರಿನ ಒಂದು ಕ್ಲಾಸು. ಬೋರ್ಡಿನ ಮೇಲೆ ತೊಲೆಯೊಂದರ ಲೆಕ್ಕ ಬಿಡಿಸುತ್ತಿದ್ದೆ. ಮೂರನೇ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸರ, ಆ ಮೈನಸ್ ಹೆಂಗ ಬಂತ್ರಿ? ನನಗ ತಿಳೀವಲ್ದು" ಅಂದ. ಒಳ್ಳೆಯ ಪ್ರಶ್ನೆ. ಆ ಮೈನಸ್ ಎಲ್ಲಿಂದ ಬಂತು ಅನ್ನುವುದು ಅರ್ಧ ಕ್ಲಾಸಿಗೆ ತಿಳಿದಿರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಆದರೆ ಹಿಂದಿನಿಂದ ಯಾರೋ "ತಿಳೀವಲ್ದು" ಅಂತ ರಾಗ ಎಳೆದರು, ಕ್ಲಾಸೆಲ್ಲ ಗೊಳ್ಳೆಂದಿತು. ನಗುವವರನ್ನು ಗದರಿಸಿ, ಲೆಕ್ಕವನ್ನು ಮೊದಲಿನಿಂದ ಬಿಡಿಸಿ ಹೇಳಿದೆ. ಹುಡುಗ ತಲೆಯಾಡಿಸಿ ಕೂತ. ಆ ಸೆಮಿಸ್ಟರಿನಲ್ಲಿ ಅವನು ಮತ್ತೆ ಏಳಲಿಲ್ಲ. ಲ್ಯಾಬಿನ ವೈವಾದಲ್ಲಿ ಉತ್ತರ ಗೊತ್ತಿದ್ದರೂ ಮೇಜು ನೋಡುತ್ತ ಅರ್ಧ ಹೇಳಿ ನಿಲ್ಲಿಸುತ್ತಿದ್ದ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಎರಡು ಬ್ಯಾಕ್ ಉಳಿದಿದ್ದವು.

ಆ ಹುಡುಗನ ತಂದೆ ಒಮ್ಮೆ ಬಂದು, "ನಮ್ಮ ಭಾಷಾ ನೋಡಿ ಮಾಸ್ತರರು ಮಾರ್ಕ್ಸ್ ಕಡಿಮಿ ಹಾಕ್ತಾರೇನ್ರಿ?" ಅಂತ ಕೇಳಿದರು. ಉತ್ತರ ಪತ್ರಿಕೆಗೆ ದನಿ ಎಲ್ಲಿಂದ ಬರಬೇಕು? ಅವನ ಅಂಕ ತಿಂದದ್ದು ಆ ದಿನದಿಂದ ಅವನು ಕೇಳದೆ ನುಂಗಿಕೊಂಡ ಪ್ರಶ್ನೆಗಳು. ಒಂದು ಪ್ರಶ್ನೆ ಬಿಟ್ಟರೆ ಮುಂದಿನ ಪಾಠ ಅರ್ಧ ಅರ್ಥವಾಗುತ್ತದೆ, ಅದರ ಮುಂದಿನದು ಕಾಲು ಭಾಗ. ನನಗೆ ನಿಮ್ಮ ವಿಷಯದಲ್ಲಿ ದಿಗಿಲು ಇರುವುದು ಇಲ್ಲೇ. ಊರಿನ ಧಾಟಿ ನಿಮ್ಮ ಓದಿಗೆ ಮಾಡುವ ಕೇಡು ತೀರ ಸ್ವಲ್ಪ. ಆ ಧಾಟಿಗೆ ನಾಚಿ ಬಾಯಿ ಮುಚ್ಚಿಕೊಳ್ಳುವುದು ಮಾಡುವ ಕೇಡು ಬಹಳ.

ಹಾಗಂತ ಲೋಕದಲ್ಲಿ ತಾರತಮ್ಯವೇ ಇಲ್ಲ ಅಂತ ನಿಮಗೆ ಸುಳ್ಳು ಹೇಳಲಾರೆ. ಇದೆ, ಧಾರಾಳವಾಗಿ ಇದೆ. 1956ರ ನವೆಂಬರ್ 1ರಂದು ಮುಂಬೈ ಪ್ರಾಂತ, ಹೈದರಾಬಾದ್, ಮದ್ರಾಸ್, ಕೊಡಗು, ಹಳೆಯ ಮೈಸೂರು ಎಲ್ಲ ಕಡೆಯ ಕನ್ನಡಿಗರು ಒಂದೇ ರಾಜ್ಯಕ್ಕೆ ಸೇರಿದರು. ಅಲ್ಲಿಯ ತನಕ ಬೆಳಗಾವಿಯವರ ಕಿವಿಗೆ ಮರಾಠಿ, ಕಲಬುರಗಿಯವರ ಕಿವಿಗೆ ಉರ್ದು ಬಿದ್ದು, ಅವರವರ ಕನ್ನಡ ಅವರವರ ರೀತಿ ಬೆಳೆದಿತ್ತು. ರಾಜಧಾನಿ ಬೆಂಗಳೂರಾಯಿತು. ಪಠ್ಯಪುಸ್ತಕ, ಸಿನಿಮಾ, ಆಮೇಲೆ ಟಿ.ವಿ., ಎಲ್ಲವೂ ಅಲ್ಲೇ ತಯಾರಾದವು. ಆ ಸುತ್ತಿನ ಓದಿದವರ ಮಾತು ಶುದ್ಧ ಅನ್ನಿಸಿಕೊಂಡಿತು. ವಿಧಾನಸೌಧ ಧಾರವಾಡದಲ್ಲಿ ಎದ್ದಿದ್ದರೆ ಇವತ್ತು ಬೆಂಗಳೂರಿನ ಹುಡುಗ "ಹೌದ್ರೀ, ಹೋಗೂಣ್ರೀ" ಅನ್ನಲು ಕೋಚಿಂಗ್ ಸೇರುತ್ತಿದ್ದ, ನನಗೇನೂ ಅನುಮಾನವಿಲ್ಲ. ನಮ್ಮ ಸಿನಿಮಾಗಳಲ್ಲಿ ಬಹುಕಾಲ ಬೇರೆ ಸೀಮೆಗಳ ಮಾತು ಬಂದರೆ ಆ ಪಾತ್ರ ಅಡುಗೆಯವನದೋ, ಪೆದ್ದನದೋ ಆಗಿರುತ್ತಿತ್ತು. ನೀವು ನಗುವುದನ್ನು ಕಲಿತದ್ದೂ, ನಾಚುವುದನ್ನು ಕಲಿತದ್ದೂ ಅಲ್ಲಿಂದಲೇ.

ಇನ್ನೊಂದು ಮಾತನ್ನು ಜನ ಬಾಯಿಬಿಟ್ಟು ಆಡುವುದಿಲ್ಲ. ಮಂಡ್ಯ, ಚಾಮರಾಜನಗರದ ಕಡೆ 'ಹಾಲು' 'ಆಲು' ಆಗುತ್ತದೆ, ನಮ್ಮ ಕಡೆ 'ಶಾಲೆ' 'ಸಾಲಿ' ಆಗುತ್ತದೆ. ಅದನ್ನು ಕೇಳಿದೊಡನೆ ಕೆಲವರು ಮನಸ್ಸಿನಲ್ಲೇ ಜಾತಿ, ಮನೆತನ, ಅಪ್ಪನ ಕಸುಬು ಎಲ್ಲ ಲೆಕ್ಕ ಹಾಕಿಬಿಡುತ್ತಾರೆ. "ಅವನಿಗೆ ಅಕಾರ ಹಕಾರ ಬರೋದಿಲ್ಲ" ಅನ್ನುವ ಮಾತಿನಲ್ಲಿ ಅಕ್ಷರಕ್ಕಿಂತ ಬೇರೆಯದೇ ಹೆಚ್ಚಿರುತ್ತದೆ. ಮಹಾಪ್ರಾಣಗಳಂತೂ ಹೆಚ್ಚಿನ ಕನ್ನಡಿಗರ ಮಾತಿನಲ್ಲಿ ಇಲ್ಲವೇ ಇಲ್ಲ ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಪುಸ್ತಕಗಳನ್ನೇ ಬರೆದರು. ಅವರ ಎಲ್ಲ ವಾದವನ್ನೂ ನಾನು ಒಪ್ಪುವವನಲ್ಲ, ಆದರೆ ಈ ಮಾತು ನಿಜ. ಸಂದರ್ಶನದ ಮೇಜಿನಾಚೆ ಕೂತು ನಿಮ್ಮ ಉಚ್ಚಾರಕ್ಕೆ ಹುಬ್ಬೇರಿಸುವವರೂ ಮನೆಯಲ್ಲಿ 'ಭಾರತ' ಅನ್ನದೆ 'ಬಾರತ' ಅನ್ನುವವರೇ. ಇದನ್ನು ನೆನಪಿಟ್ಟುಕೊಂಡರೆ ಅರ್ಧ ಅಂಜಿಕೆ ಹೋಗುತ್ತದೆ.

ಕನ್ನಡದ ನೆಲದಲ್ಲಿ ಧಾಟಿ ಬಿಡದೆ ಎತ್ತರಕ್ಕೆ ಹೋದವರು ಕಡಿಮೆಯೇ? ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕಾವ್ಯಕ್ಕೆ ಎತ್ತಿಕೊಂಡದ್ದು ಧಾರವಾಡದ ಬೀದಿಯ ಕನ್ನಡ. ಅದೇ ಕನ್ನಡಕ್ಕೆ ಜ್ಞಾನಪೀಠವೂ ಬಂತು, 1973ರಲ್ಲಿ. ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರು ತಮ್ಮ ಸೀಮೆಯ ಮಾತಿನಲ್ಲೇ ನಾಟಕ ಬರೆದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದವರು ಅವರೇ. ದೇವನೂರ ಮಹಾದೇವರ 'ಕುಸುಮಬಾಲೆ' ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇವರೆಲ್ಲ ಸಾಹಿತಿಗಳು, ಅವರಿಗೆ ಧಾಟಿಯೇ ಬಂಡವಾಳ, ನಮಗೆ ಬೇಕಿರುವುದು ನೌಕರಿ ಅನ್ನುತ್ತೀರಾ? ಅದೂ ಸರಿಯೇ. ಹಾಗಾದರೆ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದಿದ ಸುಧಾ ಮೂರ್ತಿಯವರನ್ನು ನೋಡಿ, ಇವತ್ತಿಗೂ ಅವರ ಕನ್ನಡದಲ್ಲಿ ಆ ಸೀಮೆಯ ರಾಗ ಹೋಗಿಲ್ಲ. ರಾಮೇಶ್ವರದ ಅಬ್ದುಲ್ ಕಲಾಂ ರಾಷ್ಟ್ರಪತಿ ಭವನದಲ್ಲಿ ಕೂತು ಮಾತಾಡಿದ ಇಂಗ್ಲಿಷೂ ಕಡೆತನಕ ತಮಿಳು ಧಾಟಿಯದೇ. ದೇಶದ ಮಕ್ಕಳೆಲ್ಲ ಕಿವಿಗೊಟ್ಟು ಕೇಳಿದರು.

ಇಷ್ಟು ಹೇಳಿದೆನೆಂದು, ನಮ್ಮ ಮಾತು ನಮಗೆ ಚೆಂದ, ಯಾರಿಗೆ ತಿಳಿದರೆಷ್ಟು ಬಿಟ್ಟರೆಷ್ಟು ಅಂತ ಸುಮ್ಮನೆ ಕೂರಬೇಡಿ. ಧಾಟಿ ಬೇರೆ, ಸ್ಪಷ್ಟತೆ ಬೇರೆ. ಕೆನಡಾದಲ್ಲಿ ಮನ್ರೊ, ಡರ್ವಿಂಗ್ ಎಂಬ ಇಬ್ಬರು ವಿದ್ವಾಂಸರು 1995ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಚೀನೀ ಮಾತೃಭಾಷೆಯವರು ಆಡಿದ ಇಂಗ್ಲಿಷನ್ನು ಇಂಗ್ಲಿಷಿನವರಿಗೇ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿದರು. ಧಾಟಿ ಬಹಳ ಗಡುಸು ಎಂದು ಅವರೇ ಹೇಳಿದ ಮಾತುಗಳಲ್ಲೂ ಎಷ್ಟೋ ಮಾತನ್ನು ಅಕ್ಷರ ತಪ್ಪದಂತೆ ಬರೆದಿದ್ದರು. ಅಂದರೆ ಧಾಟಿ ದಟ್ಟವಾಗಿದ್ದೂ ಮಾತು ಪೂರ್ತಿ ತಿಳಿಯಬಹುದು. ಧಾಟಿ ಬದಲಿಸುವುದು ಇಪ್ಪತ್ತರ ವಯಸ್ಸಿನಲ್ಲಿ ಬಲು ಕಷ್ಟ, ಬೇಕಾಗಿಯೂ ಇಲ್ಲ. ಸ್ಪಷ್ಟವಾಗಿ ಮಾತಾಡುವುದನ್ನು ಯಾರು ಬೇಕಾದರೂ ಕಲಿಯಬಹುದು.

ಮೊದಲು ಬರವಣಿಗೆ. ಇಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬಾಯಲ್ಲಿ 'ಆಲು' ಅನ್ನಿ, ಅಡ್ಡಿಯಿಲ್ಲ. ಹಾಳೆಯ ಮೇಲೆ 'ಹಾಲು' ಎಂದೇ ಇರಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಅಂಕ ಕಳೆದುಕೊಳ್ಳುವುದು ಇಲ್ಲೇ. ಆಡಿದಂತೆ ಬರೆದುಬಿಡುತ್ತಾರೆ: 'ಹಕ್ಕಿ'ಯ ಜಾಗದಲ್ಲಿ 'ಅಕ್ಕಿ', 'ಮನೆ'ಯ ಜಾಗದಲ್ಲಿ 'ಮನಿ', 'ಇವೆ' ಅನ್ನುವಲ್ಲಿ 'ಅದಾವ'. ಕೆಂಪು ಇಂಕು ಬೀಳುತ್ತದೆ. ನೌಕರಿಗೆ ಬಂದ ಮೇಲೂ ಕಚೇರಿಯ ಟಿಪ್ಪಣಿಯಲ್ಲಿ ಇಂಥದ್ದು ಕಂಡರೆ ಮೇಲಧಿಕಾರಿ ನಿಮ್ಮ ಲೆಕ್ಕವನ್ನೂ ಅನುಮಾನದಿಂದಲೇ ನೋಡುತ್ತಾನೆ. ಇದಕ್ಕೆ ದೊಡ್ಡ ಔಷಧವೇನಿಲ್ಲ. ದಿನಪತ್ರಿಕೆಯ ಸಂಪಾದಕೀಯವನ್ನು ದಿನಕ್ಕೊಂದರಂತೆ ಗಟ್ಟಿಯಾಗಿ ಓದಿ, ಒಂದು ಪ್ಯಾರಾವನ್ನು ನೋಡದೆ ಬರೆದು, ಆಮೇಲೆ ಮೂಲದ ಜತೆ ಹೋಲಿಸಿ.

ಗಟ್ಟಿಯಾಗಿ ಓದುವುದೆಂದರೆ ನಿಮಗೆ ನಗು ಬರುತ್ತದೆ, ಗೊತ್ತು. ಗಾಜನೂರಿನ ಒಬ್ಬ ಹುಡುಗ, ಹೈಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ, ಎಳೆಯ ವಯಸ್ಸಿನಲ್ಲೇ ಕಂಪನಿ ನಾಟಕಕ್ಕೆ ಸೇರಿದ. ಅಲ್ಲಿ ದಿನಾ ಸಂಭಾಷಣೆ ಒಪ್ಪಿಸಬೇಕು, ಕಡೆಯ ಸಾಲಿನಲ್ಲಿ ಕೂತವನಿಗೂ ಪ್ರತಿ ಅಕ್ಷರ ತಲುಪಬೇಕು. ಆ ಹುಡುಗನೇ ರಾಜ್‌ಕುಮಾರ್. ಕನ್ನಡವನ್ನು ಹೇಗೆ ಉಚ್ಚರಿಸಬೇಕು ಎಂದು ಕೇಳಿದರೆ ಈಗಲೂ ನಾವು ಅವರ ಹೆಸರನ್ನೇ ಹೇಳುತ್ತೇವೆ. ಆ ಕನ್ನಡ ಅವರಿಗೆ ಬಂದದ್ದು ರಂಗದ ಮೇಲೆ ಬಾಯಿ ತಿರುಗಿಸಿ ತಿರುಗಿಸಿ.

ಈಗ ಇಂಗ್ಲಿಷಿಗೆ ಬರೋಣ. ನಿಮ್ಮ ನಿದ್ದೆ ಕೆಡಿಸುವುದು ಅದೇ ತಾನೆ? ನಮ್ಮ ಕಾಲದಲ್ಲಿ ಅಂಕಪಟ್ಟಿ, ಲಿಖಿತ ಪರೀಕ್ಷೆ ಇವೆರಡರಲ್ಲೇ ಹೆಚ್ಚಿನ ನೌಕರಿಗಳ ತೀರ್ಮಾನ ಆಗಿಬಿಡುತ್ತಿತ್ತು. ಬ್ಯಾಂಕಿನ ಕ್ಲರ್ಕ್ ಹೇಗೆ ಮಾತಾಡುತ್ತಾನೆ ಅಂತ ಯಾರೂ ಕೇಳುತ್ತಿರಲಿಲ್ಲ, ಗಿರಾಕಿಗಳಂತೂ ಕೇಳುತ್ತಿರಲೇ ಇಲ್ಲ. 2000ದ ಆಚೀಚೆ ಬೆಂಗಳೂರಿಗೆ ಕಾಲ್ ಸೆಂಟರುಗಳು ಬಂದವು, ಅವುಗಳ ಜತೆಗೆ 'ಎಂಟಿಐ' ಅನ್ನುವ ಮೂರಕ್ಷರವೂ ಬಂತು. ಮಾತೃಭಾಷೆಯ ಪ್ರಭಾವ ಅಂತ ಅದರ ಅರ್ಥ. ನೇಮಕ ಮಾಡುವವರು ಅದನ್ನು ಜ್ವರದ ಹೆಸರು ಹೇಳಿದ ಹಾಗೆ ಹೇಳುತ್ತಾರೆ: "ಹುಡುಗಿ ಚೆನ್ನಾಗಿದ್ದಾಳೆ, ಆದರೆ ಎಂಟಿಐ ಜಾಸ್ತಿ." ಅಮೆರಿಕದ ಗಿರಾಕಿಯ ಜತೆ ದಿನವಿಡೀ ಫೋನಿನಲ್ಲಿ ಮಾತಾಡುವ ಕೆಲಸಕ್ಕೆ ಅದು ತಕ್ಕಮಟ್ಟಿಗೆ ನ್ಯಾಯ. ಪ್ರೋಗ್ರಾಂ ಬರೆಯುವ, ಸೇತುವೆಯ ನಕ್ಷೆ ಮಾಡುವ, ರಕ್ತ ಪರೀಕ್ಷೆ ಮಾಡುವ ಕೆಲಸಕ್ಕೂ ಅದೇ ಕೋಲು ಹಿಡಿದು ಅಳೆಯುವುದು ಅನ್ಯಾಯ. ಅನ್ಯಾಯ ಅನ್ನುವುದು ಗೊತ್ತಿರಲಿ, ತಯಾರಿಯನ್ನೂ ಬಿಡಬೇಡಿ.

ತಯಾರಿ ಅಂದರೆ ಅಮೆರಿಕನ್ನರ ನಕಲಲ್ಲ. ಹದಿನೈದು ದಿನದ ಕೋರ್ಸಿಗೆ ಅಪ್ಪನ ಹತ್ತಿಯ ದುಡ್ಡು ಸುರಿದು, ಬಾಯಲ್ಲಿ ಬಿಸಿ ಅನ್ನ ಇಟ್ಟುಕೊಂಡವರ ಹಾಗೆ ಮಾತಾಡಲು ಕಲಿತು ಬರುವ ಮಕ್ಕಳನ್ನು ಕಂಡಿದ್ದೇನೆ. ಎರಡನೇ ಪ್ರಶ್ನೆಗೇ ಆ ಬಣ್ಣ ಬಿಡುತ್ತದೆ, ಆಮೇಲೆ ಮೂಲ ಇಂಗ್ಲಿಷೂ ತೊದಲುತ್ತದೆ. ನಾವು 'ಎಗ್' ಅನ್ನುವುದನ್ನು 'ಯೆಗ್' ಅನ್ನುತ್ತೇವೆ, 'ಓನ್ಲಿ' ಅನ್ನುವುದನ್ನು 'ವೋನ್ಲಿ' ಅನ್ನುತ್ತೇವೆ. ಅದು ಎಲ್ಲರಿಗೂ ಅರ್ಥವಾಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತೊಂದರೆ ಇರುವುದು ಒತ್ತು ಹಾಕುವ ಜಾಗದಲ್ಲಿ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಸರಿಸುಮಾರು ಒಂದೇ ತೂಕ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಲ್ಲುತ್ತದೆ, ಉಳಿದವು ತಗ್ಗುತ್ತವೆ. ನಮ್ಮ ಮಕ್ಕಳು 'ಪ್ಯಾರಾ' ಅಂತ ಎಳೆದು 'ಮೀಟರ್' ಸೇರಿಸುತ್ತಾರೆ. ಇಂಗ್ಲಿಷಿನವರು ಎರಡನೆಯ ಅಕ್ಷರಕ್ಕೆ ಒತ್ತು ಕೊಟ್ಟು 'ಪರಾಮಿಟರ್' ಅನ್ನುತ್ತಾರೆ. 'ಕಾಂಪೋನೆಂಟ್' ಅನ್ನುವಾಗ ಒತ್ತು 'ಪೋ' ಮೇಲೆ. 'ಫೋಟೋಗ್ರಾಫ್' ಅನ್ನುವಲ್ಲಿ ಒತ್ತು ಮೊದಲಿಗೆ, 'ಫೋಟಾಗ್ರಫಿ' ಅನ್ನುವಲ್ಲಿ ಅದು ಎರಡನೆಯ ಅಕ್ಷರಕ್ಕೆ ಜರುಗುತ್ತದೆ. ಒತ್ತು ತಪ್ಪಿದರೆ ಕೇಳುವವನಿಗೆ ಆ ಪದವೇ ಸಿಕ್ಕುವುದಿಲ್ಲ. ನಿಮ್ಮ ವಿಷಯದಲ್ಲಿ ದಿನಾ ಬಳಸುವ ನೂರು ಪದಗಳ ಪಟ್ಟಿ ಮಾಡಿಕೊಳ್ಳಿ. ಫೋನಿನ ನಿಘಂಟಿನಲ್ಲಿ ಧ್ವನಿಯ ಗುರುತು ಒತ್ತಿದರೆ ಪದವನ್ನು ಹೇಳಿ ತೋರಿಸುತ್ತದೆ, ಕಾಸು ಕೇಳುವುದಿಲ್ಲ. ಕೇಳಿ, ಹೇಳಿ, ನಿಮ್ಮ ದನಿಯನ್ನು ರೆಕಾರ್ಡ್ ಮಾಡಿ ಮತ್ತೆ ಕೇಳಿ. ಮೊದಲ ದಿನ ನಿಮ್ಮ ದನಿ ನಿಮಗೇ ಹಿಡಿಸುವುದಿಲ್ಲ. ಯಾರಿಗೂ ಹಿಡಿಸುವುದಿಲ್ಲ.

ಇನ್ನೊಂದು ರೂಢಿ ಬಿಡಬೇಕು. ಗಾಬರಿಯಾದಾಗ ನಾವು ಓಡಿಸಿಕೊಂಡು ಮಾತಾಡುತ್ತೇವೆ, ವಾಕ್ಯದ ಕೊನೆಯನ್ನು ನುಂಗುತ್ತೇವೆ. ಎಷ್ಟೋ ಸಂದರ್ಶನಗಳಲ್ಲಿ "ಏನಂದಿರಿ?" ಅಂತ ಎದುರಿನವರು ಕೇಳುವುದು ಧಾಟಿಗಲ್ಲ, ಈ ನುಂಗಾಟಕ್ಕೆ. ನಿಧಾನಿಸಿ, ವಾಕ್ಯ ಮುಗಿಸಿ, ಬಾಯಿ ಮುಚ್ಚಿ. ಎದುರಿನವರ ಪ್ರಶ್ನೆ ತಿಳಿಯದಿದ್ದರೆ ಇನ್ನೊಮ್ಮೆ ಹೇಳಿ ಅಂತ ಕೇಳಿ, ಅದರಿಂದ ಅಂಕ ಹೋಗುವುದಿಲ್ಲ. ಈಗ ಕೆಲವು ಕಂಪನಿಗಳು ಮೊದಲ ಸುತ್ತಿನಲ್ಲಿ ಮನುಷ್ಯರನ್ನು ಕೂರಿಸುವುದೂ ಇಲ್ಲ. ಕಂಪ್ಯೂಟರಿನ ಮುಂದೆ ಮೈಕ್ ಹಾಕಿಕೊಂಡು ವಾಕ್ಯ ಓದಬೇಕು, ಕೇಳಿದ್ದನ್ನು ತಿರುಗಿ ಹೇಳಬೇಕು, ಯಂತ್ರವೇ ಅಂಕ ಕೊಡುತ್ತದೆ. ಅದರ ಮುಂದೆ ಸಂಕೋಚ ಯಾಕೆ? ಅದಕ್ಕೆ ನಗಲು ಬರುವುದಿಲ್ಲ. ಅಲ್ಲೂ ಕೆಲಸಕ್ಕೆ ಬರುವುದು ಒಂದೇ ಹದದ ವೇಗ, ಪೂರ್ತಿ ವಾಕ್ಯ.

ಮಾತಿನ ಹಂಗು ಕಡಿಮೆ ಇರುವ ದಾರಿಗಳೂ ಇವೆ, ಅವನ್ನೂ ತಿಳಿದುಕೊಳ್ಳಿ. ಕೇಂದ್ರ ಸರ್ಕಾರದ ಗ್ರೂಪ್ ಸಿ ಹುದ್ದೆಗಳಿಗೂ ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೂ 2016ರ ಜನವರಿ 1ರಿಂದ ಸಂದರ್ಶನವೇ ಇಲ್ಲ. ಐಎಎಸ್ ಕನಸು ಕಾಣುವವರು ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು, ಈ ಸೌಲಭ್ಯ ಬಂದದ್ದು 1979ರಲ್ಲಿ. ಹಾಗೆ ಬರೆದವರು ದೆಹಲಿಯಲ್ಲಿ ಸಂದರ್ಶನವನ್ನೂ ಕನ್ನಡದಲ್ಲೇ ಕೊಡಬಹುದು. ಇಂಗ್ಲಿಷಿಗೆ ಹೆದರಿ ಅರ್ಜಿಯನ್ನೇ ಹಾಕದವರನ್ನು ಕಂಡಾಗ ನನಗೆ ಹೊಟ್ಟೆ ಉರಿಯುತ್ತದೆ.

ನಗುವ ಮಕ್ಕಳಿಗೆ ಹೇಳುತ್ತೇನೆ ಅಂದಿದ್ದೆ. ಜಯನಗರ, ಮಲ್ಲೇಶ್ವರ, ಮೈಸೂರಿನ ತಮ್ಮಂದಿರೇ, ತಂಗಿಯರೇ, ನೀವು ಕೆಟ್ಟವರಲ್ಲ, ತಮಾಷೆಗೆ ನಗುತ್ತೀರಿ. ನಿಮ್ಮ ಅರ್ಧ ನಿಮಿಷದ ತಮಾಷೆಗೆ ಬೆಂಚಿನ ಮೇಲೆ ಒಬ್ಬ ನಾಲ್ಕು ವರ್ಷ ಬಾಯಿ ಕಟ್ಟಿಕೊಂಡು ಕೂರುತ್ತಾನೆ, ಅದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ನಿಮಗೂ ಈ ಸರದಿ ತಪ್ಪಿದ್ದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಬಿಬಿಸಿ ರೇಡಿಯೋದಲ್ಲಿ ವಿಲ್ಫ್ರೆಡ್ ಪಿಕಲ್ಸ್ ತಮ್ಮ ಯಾರ್ಕ್‌ಶೈರ್ ಧಾಟಿಯಲ್ಲಿ ವಾರ್ತೆ ಓದಿದ್ದಕ್ಕೆ ಇಂಗ್ಲೆಂಡಿನಲ್ಲೇ ಕೇಳುಗರು ಗೊಣಗಿದರು. ಇಂಗ್ಲಿಷ್ ಹುಟ್ಟಿದ ನೆಲದಲ್ಲೇ ಹಾಗಾದರೆ, ನಾಳೆ ಲಂಡನ್ನಿಗೋ ಡಲ್ಲಾಸಿಗೋ ಹೋದಾಗ ನಿಮ್ಮ ಬೆಂಗಳೂರು ಇಂಗ್ಲಿಷಿಗೆ ಯಾರೋ ಹುಬ್ಬು ಕುಣಿಸದೆ ಇರುತ್ತಾರೆಯೇ? ಮತ್ತೂ ಒಂದು ಮಾತು. ಇನ್ನು ಹತ್ತು ವರ್ಷಕ್ಕೆ ನಿಮ್ಮಲ್ಲಿ ಕೆಲವರು ಸಂದರ್ಶನದ ಮೇಜಿನಾಚೆ ಕೂರುತ್ತೀರಿ. ಆಗ ಅಭ್ಯರ್ಥಿ ಕೊಟ್ಟ ಉತ್ತರವನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳಿ, ಅಂಕವನ್ನು ಆ ಕಾಗದ ನೋಡಿ ಕೊಡಿ.

ಬಯಲುಸೀಮೆಯಿಂದಲೋ ಮಲೆನಾಡಿನಿಂದಲೋ ಬಂದು ಈಗಾಗಲೇ ಕೆಲಸಕ್ಕೆ ಸೇರಿರುವವರಿಗೆ ಬೇರೆ ಜವಾಬ್ದಾರಿ ಇದೆ. ನಿಮ್ಮ ಕಚೇರಿಗೆ ಈ ವರ್ಷ ಹೊಸಬರು ಬಂದೇ ಬರುತ್ತಾರೆ. ಅವರಲ್ಲಿ ಒಬ್ಬರು ಮೀಟಿಂಗಿನಲ್ಲಿ ಮೂಲೆಯ ಕುರ್ಚಿ ಹಿಡಿದು, ಎಲ್ಲದಕ್ಕೂ ತಲೆಯಾಡಿಸುತ್ತ ಕೂತಿರುತ್ತಾರೆ. ಚಹಾ ಹೊತ್ತಿಗೆ ಹೋಗಿ ಪಕ್ಕದಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳಿಸುವಂತೆ ನಿಮ್ಮೂರಿನ ಮಾತಿನಲ್ಲೇ, "ಯಾವೂರಪಾ ನಿಂದು? ಬೆಳಿಗ್ಗೆ ಹೇಳಿದ್ದು ತಿಳೀತೇನು?" ಅಂತ ಕೇಳಿ. ತಿಳಿದಿಲ್ಲ ಅಂದರೆ ಅಲ್ಲೇ ಕೂರಿಸಿ ಹೇಳಿಕೊಡಿ. ಮುಂದಿನ ಮೀಟಿಂಗಿನಲ್ಲಿ ಮೊದಲ ಪ್ರಶ್ನೆಯನ್ನು ಅವರಿಂದಲೇ ಕೇಳಿಸಿ.